‘ಅಳಿಸು’ ಎಂಬ ಗುಂಡಿಯ ಮುಂದೆ

ಲಿನಕ್ಸ್ ಬಳಗದ ತಂತ್ರಾಂಶಗಳನ್ನು ಕನ್ನಡಕ್ಕೆ ತಂದವರು ‘ಇನ್‌ಸ್ಟಾಲ್’ ಎಂಬುದಕ್ಕೆ ‘ಅನುಸ್ಥಾಪನೆ’ ಎಂಬ ಪದವನ್ನು ಬಳಕೆಗೆ ತಂದು ಬಹಳ ಕಾಲವಾಯಿತು. ಕಡತ, ಕೀಲಿಮಣೆ, ಗುಪ್ತಪದ, ಬಳಕೆದಾರ ಮೊದಲಾದವು ಅದರ ಸಂಗಾತಿ ಪದಗಳು. ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಶಾಲೆ ಕಲಿತ ನನ್ನ ಕಿವಿಗೆ ‘ಸ್ಥಾಪನೆ’ ಎಂದೊಡನೆ ಕೇಳಿಸುವುದು ಭಾದ್ರಪದದ ಚೌತಿಯ ಆರತಿ. ಗಣಪತಿಯ ವಿಷಯದಲ್ಲಿ ಸ್ಥಾಪನೆ ಮೊದಲು, ವಿಸರ್ಜನೆ ಆಮೇಲೆ. ಗಣಕದ ವಿಷಯದಲ್ಲಿ ಈ ಕ್ರಮ ತಿರುವುಮುರುವಾಗಿದೆ. ಹೊಸದನ್ನು ಸ್ಥಾಪಿಸುವ ಮೊದಲು ಹಳೆಯದು ವಿಸರ್ಜನೆಯಾಗುತ್ತದೆ. ಏನೇನು ವಿಸರ್ಜನೆಯಾಗಲಿದೆ ಎಂಬುದನ್ನು ಯಜಮಾನನಿಗೆ ಅರ್ಥವಾಗುವ ಮಾತಿನಲ್ಲಿ ಯಾರೂ ಹೇಳುವುದಿಲ್ಲ.

ಈ ಲೇಖನ ತಂತ್ರಜ್ಞಾನದ ಪಾಠವಲ್ಲ. ಒಂದು ವಾಕ್ಯವನ್ನು ಓದುವ ಕಷ್ಟದ ಬಗ್ಗೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಹೇಳಬೇಕೆನಿಸಿದ ಕೆಲವು ಮಾತುಗಳು ಇಲ್ಲಿವೆ. ಸಂದರ್ಭ ನಿಮಗೂ ಪರಿಚಿತವಾದದ್ದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲದ ಅವಧಿ ಮುಗಿಯಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು ಮೊದಲಾದವು ಇಲ್ಲದ ಹಳೆಯ ಲ್ಯಾಪ್‌ಟಾಪುಗಳು, ಇನ್ನೂ ಓಡಬಲ್ಲವಾದರೂ, ಮೂಲೆ ಸೇರುವ ಸ್ಥಿತಿಗೆ ಬಂದವು. ಅಣ್ಣನಿಂದ ತಂಗಿಗೆ, ತಂಗಿಯಿಂದ ಚಿಕ್ಕಪ್ಪನ ಮಗನಿಗೆ ಬಂದ ಇಂಥ ಯಂತ್ರಗಳೇ ನಮ್ಮಲ್ಲಿ ಹೆಚ್ಚು. ‘ಸರ್, ಲಿನಕ್ಸ್ ಹಾಕಿದರೆ ನಡೆಯುತ್ತದಂತೆ, ಹೌದೇ?’ ಎಂದು ಈ ವರ್ಷ ನನ್ನನ್ನು ಕೇಳಿದವರು ಹಲವರು. ನಡೆಯುತ್ತದೆ. ಅಲ್ಲಿಗೆ ತಲುಪುವ ದಾರಿ ಮಾತ್ರ ತುಸು ಮುಳ್ಳಿನದು.

ಆ ದಾರಿಯ ಬಾಗಿಲಿಗೆ ‘ಲೈವ್’ ಎಂದು ಹೆಸರು. ಲಿನಕ್ಸನ್ನು ಪೆನ್‌ಡ್ರೈವಿನಲ್ಲಿ ತಂದು, ಯಂತ್ರದ ಡಿಸ್ಕನ್ನು ಮುಟ್ಟದೆಯೇ, ಅದರ ತಾತ್ಕಾಲಿಕ ಸ್ಮೃತಿಯಲ್ಲಿ ಓಡಿಸಿ ನೋಡಬಹುದು. ಜರ್ಮನಿಯ ಕ್ಲಾಸ್ ಕ್ನಾಪರ್ 2000ದಲ್ಲಿ ಹೊರತಂದ ‘ಕ್ನಾಪಿಕ್ಸ್’ ಈ ಉಪಾಯವನ್ನು ಜನಪ್ರಿಯಗೊಳಿಸಿತು. 2006ರ ಉಬುಂಟು 6.06 ಆವೃತ್ತಿಯಲ್ಲಿ ಹೀಗೆ ನೋಡುವ ಸಿ.ಡಿ. ಮತ್ತು ಅನುಸ್ಥಾಪಿಸುವ ಸಿ.ಡಿ. ಒಂದೇ ಆದವು. ಅತಿಥಿ ಜಗುಲಿಯ ಮೇಲೆ ಕೂತು ಮಾತನಾಡಿ, ನಮಗೆ ಒಪ್ಪಿಗೆಯಾದರೆ ಒಳಗೆ ಬರುವ ವ್ಯವಸ್ಥೆ ಇದು. ತುಂಬ ಸೌಜನ್ಯದ ಕಲ್ಪನೆ. ಆದರೆ ಜಗುಲಿಯಲ್ಲಿ ಬರೆದದ್ದು ಯಂತ್ರ ಆರಿದೊಡನೆ ಇಲ್ಲವಾಗುತ್ತದೆ ಎಂಬುದನ್ನೂ, ಜಗುಲಿಯಿಂದ ಒಳಮನೆಗೆ ಒಂದೇ ಹೆಜ್ಜೆ ಎಂಬುದನ್ನೂ ಹೊಸಬರಿಗೆ ಯಾರಾದರೂ ಹೇಳಬೇಕು.

ಜಗುಲಿಯವರೆಗೆ ಬರುವುದೂ ಸುಲಭವಲ್ಲ. ಇಳಿಸಿಕೊಂಡ ಐಎಸ್ಒ ಕಡತವನ್ನು ಹಾಡು, ಸಿನಿಮಾಗಳಂತೆ ಪೆನ್‌ಡ್ರೈವಿಗೆ ನಕಲಿಸಿದರೆ ಅದು ಏಳುವುದಿಲ್ಲ. ರೂಫಸ್, ಎಚರ್‌ನಂಥ ಸಾಧನದಿಂದ ಬರೆಯಬೇಕು, ಬರೆದಾಗ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ಯಂತ್ರ ಹೊತ್ತಿಸುವಾಗ ಒತ್ತಬೇಕಾದ ಕೀಲಿ ಒಂದು ಕಂಪನಿಗೆ ಎಫ್12, ಇನ್ನೊಂದಕ್ಕೆ ಎಫ್9, ಮತ್ತೊಂದಕ್ಕೆ ಎಸ್ಕೇಪ್. ಅದನ್ನು ಒತ್ತಲು ಸಿಗುವ ಕಾಲ ಕಣ್ಣು ಮಿಟುಕಿಸುವಷ್ಟು. ಒಳಗೆ ಬಂದ ಮೇಲೆ ಗಡಿಯಾರ ಐದೂವರೆ ಗಂಟೆ ಮುಂದೆ ಓಡುತ್ತಿರುವುದನ್ನು ಕಂಡು ಗಾಬರಿಯಾದವರಿದ್ದಾರೆ. ಯಂತ್ರದ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನು ಇಡುತ್ತದೆ. ಲಿನಕ್ಸ್ ಅದನ್ನು ಜಾಗತಿಕ ಸಮಯವೆಂದು ತಿಳಿದು ಭಾರತದ ಐದೂವರೆ ಗಂಟೆಯನ್ನು ಮತ್ತೊಮ್ಮೆ ಕೂಡಿಸುತ್ತದೆ. ಇವೆಲ್ಲ ಕಿರಿಕಿರಿಗಳು; ಇವುಗಳಿಂದ ಯಾರ ಬದುಕೂ ಕೆಡುವುದಿಲ್ಲ.

ಬದುಕಿಗೆ ತಾಗುವ ತೊಡಕನ್ನು ನಾನು ಕಂಡದ್ದು ಬೆಳುಗುಪ್ಪದಲ್ಲಿ. ಆಂಧ್ರದ ಅನಂತಪುರ ಜಿಲ್ಲೆಯ ಈ ಊರಿನ ಹೆಸರನ್ನು ಕನ್ನಡದ ಕಿವಿ ಬೆಳು, ಗುಪ್ಪೆ ಎಂದು ಬಿಡಿಸಿಕೊಂಡು ಸಂತೋಷಪಡುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಚೆಗೆ ಸೇರಿದ್ದನ್ನು ನೀವು ಓದಿದ್ದೀರಿ. ರಾಯದುರ್ಗ, ಮಡಕಶಿರದ ಸೀಮೆಗಳಲ್ಲಿರುವಂತೆ ಇಲ್ಲಿಯೂ ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತೆಲುಗು ಎಂಬ ಕುಟುಂಬಗಳುಂಟು. ಅಂಥ ಒಂದು ಮನೆಯ ಹುಡುಗಿ ತೆಲುಗಿನಲ್ಲಿ ಶಾಲೆ ಮುಗಿಸಿ, ಬಿ.ಎ. ಐಚ್ಛಿಕ ಕನ್ನಡಕ್ಕೆಂದು ಗಡಿ ದಾಟಿ ಬಂದು ನಮ್ಮಲ್ಲಿ ಓದಿದಳು, ಈಗ ಎಂ.ಎ. ಮಾಡುತ್ತಿದ್ದಾಳೆ. ಕಳೆದ ದೀಪಾವಳಿಯ ರಜೆಯಲ್ಲಿ ಅವಳ ಮನೆಗೆ ಹೋಗಿದ್ದಾಗ ಕಡಲೆಕಾಯಿ ಒಕ್ಕಣೆಯ ಧೂಳಿನ ನಡುವೆ ಪಡಸಾಲೆಯಲ್ಲಿ ಅವಳ ಹಳೆಯ ಲ್ಯಾಪ್‌ಟಾಪು ಲಿನಕ್ಸಿಗೆ ಸಿದ್ಧವಾಗಿತ್ತು. (ಕಡಲೆಕಾಯಿಗೆ ನಮ್ಮ ಕಡೆ ಶೇಂಗಾ ಎನ್ನುತ್ತಾರೆ, ಮರಾಠಿಯಲ್ಲೂ ಅದೇ. ಆ ಮನೆಯ ಅಜ್ಜಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ನಾನು ಹೊರಡುವವರೆಗೂ ‘ಶೇಂಗಾ ಮೇಷ್ಟ್ರು’ ಆಗಿಬಿಟ್ಟೆ.)

ಆ ಯಂತ್ರದ ‘ಡಿ’ ಡ್ರೈವಿನಲ್ಲಿ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡ ಬೀಸುವ ಪದಗಳು, ಸೋಬಾನೆಗಳು, ಒಟ್ಟು ನೂರನಲವತ್ತಕ್ಕೆ ಮಿಕ್ಕಿದ ಹಾಡುಗಳಿದ್ದವು. ಎರಡು ವರ್ಷ ರಜೆರಜೆಗೆ ಕೂತು ನುಡಿಯಲ್ಲಿ ಬೆರಳಚ್ಚಿಸಿದ್ದು. ಬರೆದುಕೊಂಡ ನೋಟುಪುಸ್ತಕ ಮಳೆಗೆ ನೆನೆದು ಹಾಳಾಗಿತ್ತು. ಅಜ್ಜಿಗೆ ಈಗ ಎಂಬತ್ತು ದಾಟಿದೆ, ಹಾಡೆಂದರೆ ಎರಡು ಸಾಲು ಬಂದು ಮೂರನೆಯದಕ್ಕೆ ನಿಲ್ಲುತ್ತಾರೆ. ಎಂದರೆ ಆ ಹಾಡುಗಳಿಗೆ ಉಳಿದಿದ್ದ ಮನೆ ಅದೊಂದೇ. ‘ಸಿ ಡ್ರೈವ್ ಅಳಿಸಿ ಲಿನಕ್ಸ್ ಹಾಕ್ತೀನಿ ಸರ್, ಡಿಯಲ್ಲಿ ಹಾಡುಗಳಿವೆ, ಅದು ಹಾಗೇ ಇರ್ಲಿ’ ಎಂದಳು. ವಿಂಡೋಸ್ ಬಳಸಿ ಬೆಳೆದವರು ಯಾರಾದರೂ ಹೀಗೆಯೇ ಯೋಚಿಸುತ್ತಾರೆ.

ಅನುಸ್ಥಾಪಕ ಮೊದಲು ಕೇಳುವುದು ಭಾಷೆಯನ್ನು. ಆ ಪಟ್ಟಿಯಲ್ಲಿ ಕನ್ನಡ ಕನ್ನಡದ ಲಿಪಿಯಲ್ಲಿಯೇ ಇರುತ್ತದೆ, ತೆಲುಗು ತೆಲುಗಿನಲ್ಲಿ, ಮರಾಠಿ ನಾಗರಿಯಲ್ಲಿ. ಯಾವ ರಾಜ್ಯದವರೆಂದು ಅದು ಕೇಳುವುದಿಲ್ಲ. ಗಣಕದ ಒಳಗುರುತಿನಲ್ಲಿ ಕನ್ನಡದ ಜೊತೆಗೆ ಭಾರತವಿದೆಯೇ ಹೊರತು ಕರ್ನಾಟಕವಿಲ್ಲ. ಬೆಳುಗುಪ್ಪದ ಹುಡುಗಿಗೆ ಇಂಥ ಪಟ್ಟಿಗಳು ಬದುಕಿನಲ್ಲಿ ಹೆಚ್ಚು ಸಿಕ್ಕಿರಲಿಲ್ಲ. ಸಮಯವಲಯ ಕೇಳುವ ಮುಂದಿನ ತೆರೆಯಲ್ಲಿ ಮಾತ್ರ ನಾವೆಲ್ಲರೂ ಕೋಲ್ಕತ್ತದವರು.

ಕೀಲಿಮಣೆಯ ಪಟ್ಟಿಯಲ್ಲಿ ನಮ್ಮ ಹುಡುಗರು ಹೆಮ್ಮೆಪಡಬಹುದಾದ ಒಂದು ಸಂಗತಿಯಿದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ಬಳಕೆಗೆ ತಂದ ಕೀಲಿಮಣೆ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಿಂದಲೇ ದೊರೆಯುತ್ತದೆ. ಅದು ಕನ್ನಡಕ್ಕಷ್ಟೇ ನಿಂತಿಲ್ಲ. ಹಿಂದಿ, ಸಂಸ್ಕೃತ, ಮರಾಠಿ, ತೆಲುಗುಗಳ ಸಾಲಿನಲ್ಲಿಯೂ ಒಂದೊಂದು ‘ಕಗಪ’ ವಿನ್ಯಾಸವಿದೆ. ಮರಾಠಿ ಶಾಲೆಯ ನಾನು, ತೆಲುಗು ಶಾಲೆಯ ಅವಳು, ಇಬ್ಬರೂ ನಮ್ಮ ನಮ್ಮ ಶಾಲೆಯ ಭಾಷೆಯ ಪಕ್ಕದಲ್ಲಿ ಕನ್ನಡದ ಪರಿಷತ್ತಿನ ಹೆಸರನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿದೆವು.

ಇಲ್ಲೊಂದು ಎಚ್ಚರಿಕೆ. ಕನ್ನಡದ ಮೇಲಿನ ಪ್ರೀತಿಯಿಂದ ಅನುಸ್ಥಾಪನೆಯ ವೇಳೆಗೇ ಕನ್ನಡ ಕೀಲಿಮಣೆಯನ್ನು ಆರಿಸಬೇಡಿ. ಪ್ರವೇಶದ ಹೆಸರು ರೋಮನ್ ಅಕ್ಷರದಲ್ಲಿಯೇ ಇರಬೇಕೆಂದು ಯಂತ್ರ ಹಟ ಹಿಡಿಯುತ್ತದೆ. ಗುಪ್ತಪದವಾದರೆ ಬರಿಯ ಚುಕ್ಕೆಗಳಾಗಿ ಕಾಣುವುದರಿಂದ ನೀವು ಒತ್ತಿದ್ದು ಕನ್ನಡವೋ ಇಂಗ್ಲಿಷೋ ತಿಳಿಯದು. ಮರುದಿನ ಪ್ರವೇಶದ ತೆರೆಯಲ್ಲಿ ಕೀಲಿಮಣೆ ಬೇರೆಯಾಗಿದ್ದರೆ ನಿಮ್ಮ ಮನೆಗೆ ನೀವೇ ಪರಕೀಯರು. ಮೊದಲು ಇಂಗ್ಲಿಷಿನಲ್ಲಿ ಒಳಗೆ ಹೋಗಿ, ಕನ್ನಡವನ್ನು ಆಮೇಲೆ ಸೇರಿಸಿಕೊಳ್ಳುವುದು ಕ್ಷೇಮ. ಕನ್ನಡವನ್ನು ಆರಿಸಿದರೂ ತೆರೆ ಅರ್ಧಕ್ಕರ್ಧ ಇಂಗ್ಲಿಷಾಗಿ ಉಳಿಯುವುದುಂಟು. ಎಲ್ಲ ಭಾಷೆಗಳ ಸಾಮಗ್ರಿಯನ್ನೂ ಲೈವ್ ಮಾಧ್ಯಮದಲ್ಲಿ ತುಂಬಲಾಗದೆ ಉಳಿದದ್ದನ್ನು ಅಂತರಜಾಲದಿಂದ ಇಳಿಸಿಕೊಳ್ಳುವ ಏರ್ಪಾಡದು. ಕೆಲವು ಲ್ಯಾಪ್‌ಟಾಪುಗಳ ವೈ-ಫೈ ಚಿಪ್ಪಿಗೆ ಬೇಕಾದ ತಂತ್ರಾಂಶವೇ ಅಂತರಜಾಲದಲ್ಲಿ ಇರುತ್ತದೆ. ಅದನ್ನು ತರಲು ವೈ-ಫೈ ಬೇಕು! ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಅದರ ಡೇಟಾ ಹಂಚಿಕೊಂಡರೆ ಬಹುತೇಕ ಈ ಗಂಟು ಬಿಚ್ಚುತ್ತದೆ. ಬೆಳುಗುಪ್ಪದಲ್ಲಿ ನಾವು ಮಾಡಿದ್ದೂ ಅದನ್ನೇ.

ಆಮೇಲೆ ಡಿಸ್ಕಿನ ತೆರೆ ಬಂತು.

ಅಲ್ಲಿ ಸಿ ಇರಲಿಲ್ಲ, ಡಿ ಇರಲಿಲ್ಲ. ಆ ಹೆಸರುಗಳು ವಿಂಡೋಸ್ ಇಟ್ಟುಕೊಂಡ ಮುದ್ದಿನ ಹೆಸರುಗಳು, ಲಿನಕ್ಸಿಗೆ ಅವು ತಿಳಿಯವು. ಅದರ ಕಣ್ಣಿಗೆ ಇಡೀ ಯಂತ್ರದಲ್ಲಿ ಇರುವುದು ಒಂದೇ ಡಿಸ್ಕು, ಹೆಸರು ಎಸ್‌ಡಿಎ. ಅದರ ಹೋಳುಗಳು ಎಸ್‌ಡಿಎ1, ಎಸ್‌ಡಿಎ2 ಎಂದು ಮುಂದುವರಿಯುತ್ತವೆ. ಗಾತ್ರದಿಂದ ಗುರುತು ಹಿಡಿಯೋಣವೆಂದರೆ ಅಂಕಿಗಳೂ ಕೂಡುವುದಿಲ್ಲ. ವಿಂಡೋಸಿನಲ್ಲಿ ಅವಳ ಡಿ ಡ್ರೈವು 350 ಜಿಬಿ. ಇಲ್ಲಿ ಅಂಥದೊಂದು ಹೋಳು ಇಲ್ಲವೇ ಇಲ್ಲ, ಇರುವುದು 376 ಜಿಬಿಯದು. ಒಂದು 1024ರ ಲೆಕ್ಕದಲ್ಲಿ ಎಣಿಸುತ್ತದೆ, ಇನ್ನೊಂದು 1000ದ ಲೆಕ್ಕದಲ್ಲಿ. ಬರೆಯುವಾಗ ಎರಡೂ ಜಿಬಿ ಎಂದೇ ಬರೆಯುತ್ತವೆ. ಒಂದೇ ಹೊಲವನ್ನು ಎರಡು ಊರಿನ ಶಾನುಭೋಗರು ಬೇರೆ ಬೇರೆ ಕೋಲಿನಿಂದ ಅಳೆದು, ಕೋಲು ಯಾವುದೆಂದು ಹೇಳದೆ ದಾಖಲೆ ಬರೆದ ಹಾಗೆ.

ಇವುಗಳ ಮೇಲೆ ಆಯ್ಕೆಯ ವಾಕ್ಯ. ಅದರ ಸಾರ ಇಷ್ಟೆ: ಡಿಸ್ಕನ್ನು ಅಳಿಸು, ಅನುಸ್ಥಾಪಿಸು. ಮೊದಲೇ ಆಯ್ಕೆಯಾಗಿ ಚುಕ್ಕೆ ಹೊತ್ತು ಕೂತಿದ್ದುದೂ ಅದೇ. ಅವಳ ಬೆರಳು ‘ಮುಂದೆ’ ಎಂಬ ಗುಂಡಿಯ ಹತ್ತಿರವೇ ಇತ್ತು. ಡಿಸ್ಕು ಎಂದರೆ ಅವಳ ಮಟ್ಟಿಗೆ ಸಿ. ಡಿಯನ್ನು ಅವಳು ಮತ್ತೊಂದು ಡಿಸ್ಕೆಂದೇ ತಿಳಿದಿದ್ದಳು. ವ್ಯಾಕರಣದ ದೃಷ್ಟಿಯಿಂದ ವಾಕ್ಯದಲ್ಲಿ ಯಾವ ದೋಷವೂ ಇರಲಿಲ್ಲ; ಆ ನಿರ್ದೋಷ ವಾಕ್ಯವನ್ನು ಸರಿಯಾಗಿ ಓದಿಯೇ ಅವಳು ಅಜ್ಜಿಯ ಹಾಡುಗಳನ್ನು ಕಳೆದುಕೊಳ್ಳುವವಳಿದ್ದಳು. ‘ತಡಿಯವಾ, ಡಿಸ್ಕು ಅಂದರ ಯಾವುದು ಅಂತ ಮೊದಲ ನೋಡೋಣ’ ಎಂದೆ. ಭಾಷೆಯ ತೆರೆಗೆ ಹಿಂದಿರುಗಿ ಅವಳು ತೆಲುಗನ್ನು ಆರಿಸಿ ಅದೇ ವಾಕ್ಯ ಓದಿದಳು, ನಾನು ಮರಾಠಿಯಲ್ಲಿ ಓದಿದೆ. ಮೂರು ಭಾಷೆಗಳ ಅನುವಾದಕರೂ ಮೂಲಕ್ಕೆ ನಿಷ್ಠರಾಗಿದ್ದರು. ಎಲ್ಲಿಯೂ ‘ಎಲ್ಲವೂ’ ಎಂಬ ಒಂದು ಪದ ಇರಲಿಲ್ಲ.

ಅನುಸ್ಥಾಪಕವನ್ನು ಮುಚ್ಚಿ ಜಗುಲಿಗೆ ಮರಳಿದೆವು. ಲೈವ್ ವ್ಯವಸ್ಥೆಯ ನಿಜವಾದ ಉಪಕಾರ ಕಂಡದ್ದು ಆಗ. ಕಡತಗಳ ಕಿಟಕಿಯಲ್ಲಿ 376ರ ಹೋಳನ್ನು ತೆರೆದರೆ ಅವಳ ಕಡತಕೋಶ ಕಣ್ಣೆದುರು ಇತ್ತು. ಓದಲು ಬಿಟ್ಟಿತು, ಬರೆಯಲು ಬಿಡಲಿಲ್ಲ. ವಿಂಡೋಸನ್ನು ‘ಶಟ್‌ಡೌನ್’ ಮಾಡಿದರೂ ವೇಗವಾಗಿ ಏಳುವ ಆಸೆಗೆ ಅದು ಅರೆನಿದ್ದೆಯಲ್ಲಿ ಇರುತ್ತದೆ. ಪೂರ್ಣವಾಗಿ ಮುಚ್ಚಿ ಬರಬೇಕಾದರೆ ‘ರೀಸ್ಟಾರ್ಟ್’ ಒತ್ತಬೇಕು. ಎಂಥ ನಿಘಂಟು ಇದಕ್ಕೆ ನೆರವಾದೀತು! ನಮಗೆ ಓದಲು ಸಿಕ್ಕರೆ ಸಾಕಿತ್ತು. ಇನ್ನೊಂದು ಪೆನ್‌ಡ್ರೈವಿಗೆ ಎಲ್ಲವನ್ನೂ ನಕಲಿಸಿ, ಸರಿಯಾಗಿ ಬಂದಿದೆಯೇ ನೋಡಲು ಒಂದು ಕಡತ ತೆರೆದಳು. ತೆರೆಯ ತುಂಬ ರೋಮನ್ ಅಕ್ಷರಗಳ, ಚಿಹ್ನೆಗಳ ಕಸ. ಹಿಂದೆ ಬಂದು ನಿಂತಿದ್ದ ಅಜ್ಜಿ, ‘ನನ್ನ ಪದ ಎಲ್ಲ ಇಂಗ್ಲಿಷಾಗೋದ್ವಾ ಮೇಷ್ಟ್ರೇ?’ ಎಂದರು.

ಆಗಿರಲಿಲ್ಲ. ಯುನಿಕೋಡಿಗೆ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಸೇರಿತು. ಲಿನಕ್ಸ್ ಹುಟ್ಟಿದ್ದೂ ಅದೇ ವರ್ಷ. ಆದರೆ ಹಳೆಯ ನುಡಿ ಕಡತಗಳಲ್ಲಿ ಒಳಗೆ ಇರುವುದು ರೋಮನ್ ಸಂಕೇತಗಳು, ಮೇಲೆ ಕನ್ನಡದ ವೇಷ ತೊಡಿಸುವುದು ಆ ಫಾಂಟು. ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಪರಿವರ್ತಕ ತಂತ್ರಾಂಶದಿಂದ ಅವನ್ನು ಯುನಿಕೋಡಿಗೆ ತರಬಹುದು, ಅರ್ಕಾವತ್ತು ಬಂದ ಕಡೆ ಮಾತ್ರ ಕಣ್ಣಿಟ್ಟು ತಿದ್ದಬೇಕು. ಹಳೆಯ ನುಡಿಯಲ್ಲಿ ಬರೆದ ಪ್ರಬಂಧ, ಕ್ಷೇತ್ರಕಾರ್ಯದ ಟಿಪ್ಪಣಿಗಳು ನಿಮ್ಮಲ್ಲಿದ್ದರೆ ಅನುಸ್ಥಾಪನೆಗೂ ಮೊದಲು ಇದನ್ನು ಮಾಡಿಕೊಳ್ಳಿ. ಅವಳು ಸಂಜೆಯೊಳಗೆ ಹನ್ನೆರಡು ಹಾಡುಗಳನ್ನು ಪರಿವರ್ತಿಸಿ ಅಜ್ಜಿಗೆ ಓದಿ ಹೇಳಿದಳು. ಮೂರನೆಯ ಸಾಲಿಗೆ ನಿಲ್ಲುತ್ತಿದ್ದ ಅಜ್ಜಿ ಅವಳ ಓದಿನ ಹಿಂದೆಯೇ ನಾಲ್ಕನೆಯದನ್ನು ಹಿಡಿದರು. ಬ್ಯಾಟರಿ ಸತ್ತ ಯಂತ್ರ, ಕರೆಂಟು ಹೋಗಿಬರುತ್ತಿದ್ದ ದಿನ. ಅನುಸ್ಥಾಪನೆಯನ್ನು ಮರುದಿನ ಬೆಳಗಿಗೆ ಇಟ್ಟುಕೊಂಡೆವು. ಮಾಡಿದ್ದು ವಿಂಡೋಸಿನ ಪಕ್ಕದಲ್ಲಿ, ಏನನ್ನೂ ಅಳಿಸದೆ. ಆ ಕೆಲಸಕ್ಕೆ ತಗುಲಿದ್ದು ಅರ್ಧ ಗಂಟೆ, ಹೇಳುವಂಥದ್ದು ಏನೂ ನಡೆಯಲಿಲ್ಲ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಗಾಬರಿ ಇರಲಾರದು ಎಂದು ನನಗೆ ಅನಿಸುತ್ತದೆ. ಕೇರಳದಲ್ಲಿ 2001ರಲ್ಲಿ ಮೊದಲಾಗಿ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಗಿ ಬೆಳೆದ ಶಾಲಾ ಗಣಕ ಯೋಜನೆ ಉಬುಂಟು ಆಧಾರಿತ ಮುಕ್ತ ತಂತ್ರಾಂಶವನ್ನೇ ನೆಚ್ಚಿದೆ. ಅದರ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಅಚ್ಚಾಗುತ್ತವೆ. ಅಲ್ಲಿ ತೆರೆಯ ಮುಂದೆ ಮಗುವಿನ ಜೊತೆಗೆ ತರಬೇತಿ ಪಡೆದ ಮಾಸ್ತರರಿರುತ್ತಾರೆ. ಬೆಳುಗುಪ್ಪದ ಪಡಸಾಲೆಯಲ್ಲಿ ಒಬ್ಬಳೇ ಕೂತವಳಿಗೆ ಮಾಸ್ತರು ಯಾರು? ತೆರೆಯ ಮೇಲಿನ ವಾಕ್ಯವೇ ಆಗಬೇಕಲ್ಲವೇ?

ಆ ವಾಕ್ಯ ಕನ್ನಡಕ್ಕೆ ಬರುವ ಬಗೆಯನ್ನು ನೀವು ತಿಳಿಯಬೇಕು. ಅನುವಾದಕನಿಗೆ ತೆರೆ ಕಾಣುವುದಿಲ್ಲ; ಸಂದರ್ಭದಿಂದ ಕಿತ್ತ ಬಿಡಿ ವಾಕ್ಯಗಳ ಉದ್ದನೆಯ ಪಟ್ಟಿ ಸಿಗುತ್ತದೆ. ಇಂಗ್ಲಿಷಿನ ‘ಫ್ರೀ’ ಎಂಬ ಒಂಟಿ ಪದ ಬಂದರೆ ಅದು ಉಚಿತವೋ, ಮುಕ್ತವೋ, ಡಿಸ್ಕಿನ ಖಾಲಿ ಜಾಗವೋ? ಇನ್ನು ವಿಭಕ್ತಿಯ ಪಾಡು. ಯಂತ್ರ ಹೆಸರನ್ನು ಆಮೇಲೆ ತುಂಬುವುದರಿಂದ ಅನುವಾದಕ ಒಂದು ತೆರಪು ಬಿಟ್ಟು ಅದರ ಮುಂದೆ ‘ಅನ್ನು’ ಎಂದು ಬರೆದಿಡುತ್ತಾನೆ. ತೆರಪಿನಲ್ಲಿ ಬೆಳುಗುಪ್ಪ ಬಂದು ಕೂತರೆ ‘ಬೆಳುಗುಪ್ಪ ಅನ್ನು’ ಎಂದಾಗುತ್ತದೆ, ವಕಾರಾಗಮವಿಲ್ಲ, ಸಂಧಿಯಿಲ್ಲ. ಕೇಶಿರಾಜ ಕಂಡಿದ್ದರೆ ಒಂದು ಸೂತ್ರವನ್ನಾದರೂ ಹೊಸೆಯುತ್ತಿದ್ದ. ಈ ಅನುವಾದಕರ ಬಗ್ಗೆ ನನಗೆ ಗೌರವವಿದೆ, ಬಹುಪಾಲು ಮಂದಿ ಸಂಬಳವಿಲ್ಲದೆ ಈ ಕೆಲಸ ಮಾಡಿದವರು. ಉಬುಂಟುವಿನ ಅನುವಾದಗಳು ಲಾಂಚ್‌ಪ್ಯಾಡ್ ಎಂಬ ತಾಣದಲ್ಲಿ ಯಾರು ಬೇಕಾದರೂ ಸಲಹೆ ನೀಡುವಂತೆ ತೆರೆದಿವೆ. ನಮ್ಮ ಕನ್ನಡ ವಿಭಾಗಗಳು ಅತ್ತ ಸುಳಿದದ್ದು ಕಡಿಮೆ ಎಂಬುದು ನನ್ನ ತಕರಾರು.

ಹಾಗೆಂದು ಈ ಸಲ ಮೂರನೆಯ ವರ್ಷದ ತರಗತಿಯಲ್ಲಿ ಆ ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆದು ಎರಡು ಶನಿವಾರ ಕೂತೆವು. ‘ಅಳಿಸು’ ಎಂಬುದು ‘ಅಳಿ’ಯಿಂದಲೂ ಬರುತ್ತದೆ, ‘ಅಳು’ವಿನಿಂದಲೂ ಬರುತ್ತದೆ, ಇಲ್ಲಿ ಎರಡೂ ಸಲ್ಲುತ್ತವೆ ಎಂದು ಹಿಂದಿನ ಬೆಂಚಿನಿಂದ ಬಂದ ಮಾತಿಗೆ ಎಲ್ಲರೂ ನಕ್ಕರು. ಗುಂಡಿಯ ಮೇಲೆ ‘ಅಳಿಸು’ ಎಂದು ಏಕವಚನ, ಸೂಚನೆಯಲ್ಲಿ ‘ಆಯ್ಕೆಮಾಡಿ’ ಎಂದು ಬಹುವಚನ ಏಕೆ ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಸೂಚನೆ ಯಂತ್ರ ನಮಗೆ ಮಾಡುವ ವಿನಂತಿ, ಗುಂಡಿ ನಾವು ಯಂತ್ರಕ್ಕೆ ಕೊಡುವ ಆಜ್ಞೆ. ಹಾಗಾದರೆ ಆಜ್ಞೆ ಕೊಡುವವರಿಗೆ ತಾವು ಏನನ್ನು ಆಜ್ಞಾಪಿಸುತ್ತಿದ್ದೇವೆ ಎಂಬುದು ತಿಳಿದಿರಬೇಡವೇ ಎಂದು ಅವಳೇ ಮುಂದುವರಿಸಿದಳು. ‘ಅಳಿಸಲಾಗುವುದು’ ಎಂಬ ಕಚೇರಿಯ ಕರ್ಮಣಿಯನ್ನು ಒಮ್ಮತದಿಂದ ಕೈಬಿಟ್ಟೆವು. ಬೆಳುಗುಪ್ಪದವಳು ಮೊಬೈಲಿನಲ್ಲಿ ಕಳಿಸಿದ ಕರಡು ಹೀಗಿತ್ತು: ‘ಈ ಯಂತ್ರದಲ್ಲಿ ಈಗ ಇರುವುದೆಲ್ಲವೂ ಹೋಗುತ್ತದೆ. ನೀವು ಸಿ, ಡಿ ಎಂದು ಕರೆಯುವ ಎರಡೂ ಭಾಗಗಳು, ಅವುಗಳಲ್ಲಿನ ಬರಹ, ಚಿತ್ರ, ಹಾಡು ಯಾವುದೂ ಉಳಿಯುವುದಿಲ್ಲ. ಬೇರೆ ಕಡೆ ನಕಲಿಸಿಕೊಂಡಿದ್ದೀರಾ?’

ಮೊದಲ ವಾಕ್ಯಕ್ಕೆ ಯಾರ ಆಕ್ಷೇಪವೂ ಇಲ್ಲ. ಎರಡನೆಯದು ಗುಂಡಿಯ ಪಕ್ಕದ ಜಾಗಕ್ಕೆ ಉದ್ದವಾಯಿತು ಎಂದು ಕೆಲವರು, ‘ಹಾಡು’ ಎಂಬ ಪದ ಎಲ್ಲರ ಯಂತ್ರಕ್ಕೂ ಹೊಂದದು ಎಂದು ಇನ್ನು ಕೆಲವರು. ಆ ಪದ ಬೇಕೇಬೇಕೆಂದು ಅವಳು ಪಟ್ಟು ಹಿಡಿದಿದ್ದಾಳೆ. ಚರ್ಚೆ ಮುಂದಿನ ಶನಿವಾರಕ್ಕೆ ಉಳಿದಿದೆ; ಬರುವವರು ನಿಮ್ಮ ನಿಮ್ಮ ಕರಡನ್ನು ಬರೆದುಕೊಂಡು ಬನ್ನಿ.